ಭರಣಿ ಮಳೆಗೂ ಮುಂಚಿನ ಫೋನು

ಮೊನ್ನೆ ಮಧ್ಯಾಹ್ನ ಮೂರು ಗಂಟೆಗೆ ಆಫೀಸಿನ ಮೀಟಿಂಗ್ ನಡುವೆಯೇ ಮೈಕ್ ಮ್ಯೂಟ್ ಮಾಡಿ ಅಪ್ಪನಿಗೆ ಫೋನ್ ಹಚ್ಚಿದೆ.

“ಎಲ್ಲದೀ ಅಪ್ಪಾ?”

“ಹೊಲ್ದಾಗ.”

“ರಟ್ಟೀಹಳ್ಳಿ ಕಡೆ ಸಿಡ್ಲು ಬೀಳಾಕತ್ತಾವು. ಮನಿಗೆ ನಡಿ.”

“ಬೆಂಗಳೂರಾಗ ಕುಂತು ನಿನಗ ರಟ್ಟೀಹಳ್ಳಿ ಸಿಡ್ಲು ಕಾಣ್ತೈತೇನ ಯವ್ವಾ? ಇಲ್ಲಿ ಬಿಸಿಲ ಐತಿ. ಗೋವಿನಜೋಳ ಹರವೀನಿ, ಮುಚ್ಚಿ ಬರ್ತೀನಿ.”

ಈ ‘ಮುಚ್ಚಿ ಬರ್ತೀನಿ’ ಇದೆಯಲ್ಲ, ಅದಕ್ಕೇ ನನಗೆ ಹೆದರಿಕೆ.

ನಮ್ಮ ಹಿರೇಕೆರೂರಿನ ಕಡೆ ಏಪ್ರಿಲ್ ನಡುವಿನಿಂದ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಮೇನಲ್ಲಿ ಕೃತ್ತಿಕಾ, ಆಮೇಲೆ ರೋಹಿಣಿ. ಜೂನ್ ಮೊದಲ ವಾರ ಕಳೆದು ಮೃಗಶಿರ ಹಿಡಿಯುವವರೆಗೆ ಇವೆಲ್ಲ ನಂಬುವಂಥ ಮಳೆಗಳಲ್ಲ. ಈ ಊರಲ್ಲಿ ಹೊಡೆದು ಮಗ್ಗುಲ ಊರಿಗೆ ಹನಿಯೂ ಬೀಳುವುದಿಲ್ಲ. ಆದರೂ ಎಲ್ಲರಿಗೂ ಬೇಕು. ಭರಣಿ ಸುರಿದರೆ ಧರಣಿಯೆಲ್ಲ ಬೆಳೆ ಅನ್ನುವ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಒಂದು ಹದ ಮಳೆಯಾದರೆ ನೆಲ ಮೆತ್ತಗಾಗುತ್ತದೆ, ಹರಗಿ ಬಿತ್ತನೆಗೆ ಹೊಲ ಸಜ್ಜು ಮಾಡಬಹುದು. ಅದೇ ಮಳೆ ಗಾಳಿ, ಆಲಿಕಲ್ಲು ಹೊತ್ತು ಬಂದರೆ ಬಾಳೆ ಮುರಿದು ಬೀಳುತ್ತದೆ, ಹಾನಗಲ್ ಕಡೆಯ ತೋಟಗಳಲ್ಲಿ ಮಾವು ಉದುರುತ್ತದೆ, ಬೋರಿನ ನೀರಲ್ಲಿ ಬೆಳೆದು ಕಣದಲ್ಲಿ ಹರವಿದ ಕಾಳು ತೊಯ್ದು ಮುಗ್ಗುತ್ತದೆ. ಅದಕ್ಕೇ ಗುಡುಗಿದ ಕೂಡಲೇ ಜನ ಮನೆಯೊಳಗೆ ಓಡುವುದಿಲ್ಲ, ತಾಡಪಾಲು ಹಿಡಿದು ಹೊರಗೆ ಓಡುತ್ತಾರೆ.

ನಾನು ಎಂಟನೇ ಇಯತ್ತೆಯಲ್ಲಿದ್ದಾಗ ನಮ್ಮ ಓಣಿಯ ಹಿರಿಯರೊಬ್ಬರು ಮಳೆ ಬಂತೆಂದು ಎತ್ತುಗಳನ್ನು ಹುಣಸೆಮರಕ್ಕೆ ಕಟ್ಟಿ, ತಾವು ಹತ್ತಿರದ ಗುಡಿಯೊಳಗೆ ನಿಂತಿದ್ದರು. ಒಂದೇ ಸಿಡಿಲು. ಜೋಡೆತ್ತೂ ಹೋದವು. ಮೈಮೇಲೆ ಗಾಯವೇ ಇರಲಿಲ್ಲ. ಅವರು ಆಮೇಲೆ ಬಹಳ ದಿನ, “ನಾನೇ ಕಟ್ಟಿದ್ನಲ್ಲ” ಅಂತ ಅನ್ನುತ್ತಲೇ ಇದ್ದರು. ನಮ್ಮಮ್ಮ, ಅಂದರೆ ಅಪ್ಪನ ಅವ್ವ, ಅವತ್ತು ರಾತ್ರಿಯೆಲ್ಲ ಅರ್ಜುನನ ಹೆಸರು ಹೇಳುತ್ತ ಕೂತಿದ್ದಳು.

ಆ ಎತ್ತುಗಳಿಗೆ ಏನಾಯಿತೆಂದು ನನಗೆ ತಿಳಿದದ್ದು ತೀರ ತಡವಾಗಿ. ಮರಕ್ಕೆ ಬಡಿದ ಸಿಡಿಲು ಮರದಲ್ಲೇ ನಿಲ್ಲುವುದಿಲ್ಲ. ಪಕ್ಕದಲ್ಲಿದ್ದವರ ಮೈಗೆ ಹಾರಬಹುದು, ಬೇರಿನ ಸುತ್ತಲ ನೆಲದಲ್ಲಿ ಹರಡುತ್ತದೆ. ಮರದಿಂದ ದೂರ ಹೋದಂತೆ ಅದರ ಬಿರುಸು ಇಳಿಯುತ್ತದೆ. ಎತ್ತಿನ ಮುಂಗಾಲಿಗೂ ಹಿಂಗಾಲಿಗೂ ನಡುವೆ ಅಂತರ ಹೆಚ್ಚು. ಒಂದು ಕಾಲಲ್ಲಿ ಏರಿದ ವಿದ್ಯುತ್ತು ಗುಂಡಿಗೆಯನ್ನು ಹಾದು ಇನ್ನೊಂದು ಕಾಲಿನಿಂದ ಇಳಿಯುತ್ತದೆ. ಬಯಲಲ್ಲಿ ಸಿಕ್ಕಿಬಿದ್ದ ಮನುಷ್ಯ ಮಲಗಬಾರದು, ಎರಡೂ ಪಾದ ಜೋಡಿಸಿ ಕುಕ್ಕರಗಾಲಲ್ಲಿ ಕೂರಬೇಕು ಅನ್ನುವುದೂ ಇದಕ್ಕೇ. ಆದರೆ ಅದು ಬೇರೆ ದಾರಿಯೇ ಇಲ್ಲದಾಗಿನ ಮಾತು. ಗೋಡೆ, ಚಾವಣಿ ಇರುವ ಮನೆಯೇ ಲೇಸು.

ಈ ಮಳೆಗಳಿಗೆ ಹೊತ್ತಿನ ಲೆಕ್ಕವೂ ಉಂಟು. ಬೆಳಗಿನಿಂದ ಒಳನಾಡಿನ ನೆಲ ಕಾಯುತ್ತದೆ, ಬಿಸಿಗಾಳಿ ಮೇಲೇಳುತ್ತದೆ, ಅರಬ್ಬಿ ಸಮುದ್ರ ಮತ್ತು ಬಂಗಾಳ ಕೊಲ್ಲಿಯಿಂದ ಬಂದ ತೇವ ಅದಕ್ಕೆ ಕೂಡುತ್ತದೆ. ಮಧ್ಯಾಹ್ನದ ಹೊತ್ತಿಗೆ ಮೋಡ 10 ಕಿಲೋಮೀಟರಿಗೂ ಎತ್ತರ ಬೆಳೆದು, ಅದರೊಳಗಿನ ಮಂಜಿನ ಹರಳು ಒಂದಕ್ಕೊಂದು ಬಡಿದಾಡಿ ಮಿಂಚು ಹುಟ್ಟುತ್ತದೆ. ಹಾಗಾಗಿ ಹೆಚ್ಚಾಗಿ ಮೂರರ ಮೇಲೆಯೇ ಆಟ. ಬಂಗಾಳದವರು ಇಂಥದ್ದನ್ನು ಕಾಲಬೈಶಾಖಿ ಅನ್ನುತ್ತಾರೆ, ದಿಲ್ಲಿಯ ಕಡೆ ಧೂಳೆಬ್ಬಿಸಿಕೊಂಡು ಬರುವ ಗಾಳಿ ಆಂಧಿ. 2018ರ ಮೇ ಮೊದಲ ವಾರದಲ್ಲಿ ಉತ್ತರ ಪ್ರದೇಶ, ರಾಜಸ್ಥಾನಗಳಲ್ಲಿ ಅಂಥ ಬಿರುಗಾಳಿಗೆ ನೂರಕ್ಕೂ ಹೆಚ್ಚು ಜನ ಸತ್ತರು. ಸಿಡಿಲೊಂದಕ್ಕೇ 2022ರಲ್ಲಿ ದೇಶದಲ್ಲಿ 2,887 ಜನ ಬಲಿಯಾದರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕ ಕೊಟ್ಟಿದೆ. ಸಾಯುವವರಲ್ಲಿ ಬಹಳಷ್ಟು ಜನ ಹೊಲದಲ್ಲಿದ್ದವರು, ದನ-ಕುರಿ ಕಾಯುತ್ತಿದ್ದವರು.

ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರ ‘ದಾಮಿನಿ’ ಆ್ಯಪ್ ಇದೆ. ನೀವಿರುವ ಜಾಗದ 20ರಿಂದ 40 ಕಿಲೋಮೀಟರ್ ಸುತ್ತಳತೆಯಲ್ಲಿ ಸಿಡಿಲಿನ ಎಚ್ಚರಿಕೆ ಕೊಡುತ್ತದೆ. ನಾನೂ ಉತ್ಸಾಹದಿಂದ ಹಾಕಿಕೊಂಡೆ. ಆಮೇಲೆ ಹೊಳೆಯಿತು: ಬೆಂಗಳೂರಿನ ಆಫೀಸಿನಲ್ಲಿ ಇರುವವಳಿಗೆ ಅದರಿಂದೇನು? ಇರಬೇಕಾದದ್ದು ಹೊಲದಲ್ಲಿರುವವರ ಕಿಸೆಯಲ್ಲಿ. ಅಪ್ಪನ ಹತ್ತಿರ ಇರುವುದು ಗುಂಡಿ ಒತ್ತುವ ಫೋನು. ಈಗ ಪಕ್ಕದ ಹೊಲದ ಹುಡುಗನ ಫೋನಿಗೆ ಹಾಕಿಸಿದ್ದೇನೆ. ಅವನು ಕೂಗಿದರೆ ಅಪ್ಪನಿಗೆ ಕೇಳಿಸುತ್ತದೆ.

ಆ್ಯಪ್ ಇಲ್ಲದಿದ್ದರೆ ಎಣಿಕೆ ಸಾಕು. ಮಿಂಚಿದ ಮೇಲೆ ಗುಡುಗು ಕೇಳುವವರೆಗೆ ಎಣಿಸಿ, ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತರೊಳಗೆ ಗುಡುಗಿದರೆ ಸಿಡಿಲು ನಿಮ್ಮ ತನಕ ಬರುವಷ್ಟು ಹತ್ತಿರವಿದೆ. ಕೊನೆಯ ಗುಡುಗಿನ ನಂತರ ಅರ್ಧ ತಾಸು ಹೊರಬೀಳಬಾರದು. ಸಿಡಿಲು ಬಡಿದವರನ್ನು ಮುಟ್ಟಿದರೆ ನಮಗೂ ಕರೆಂಟ್ ಹೊಡೆಯುತ್ತದೆ ಎಂದು ದೂರ ನಿಲ್ಲುವವರಿದ್ದಾರೆ. ಹಾಗೇನೂ ಇಲ್ಲ. ಉಸಿರಾಟ ನಿಂತಿದ್ದರೆ ಎದೆ ಒತ್ತುತ್ತ 108ಕ್ಕೆ ಫೋನ್ ಮಾಡಬೇಕು. ಅಂದಹಾಗೆ, ಕೈಯಲ್ಲಿರುವ ಮೊಬೈಲು ಸಿಡಿಲನ್ನು ಎಳೆಯುವುದಿಲ್ಲ. ಚಾರ್ಜಿಗೆ ಹಾಕಿಕೊಂಡೇ ಮಾತಾಡುವುದು ಮಾತ್ರ ಬೇಡ.

ಇದನ್ನೆಲ್ಲ ಹೇಳಿದರೆ ಅಪ್ಪ ಕೇಳುತ್ತಾನೆಯೇ? ಇಲ್ಲ. ಎರಡು ಸಲ ನನ್ನ ಎಚ್ಚರಿಕೆ ಹುಸಿಯಾಗಿ ಹನಿಯೂ ಬೀಳಲಿಲ್ಲ. ಅದನ್ನು ಊರಿಗೆಲ್ಲ ಹೇಳಿ ನಕ್ಕ. ‘ಹೋಗಬ್ಯಾಡ’ ಅನ್ನುವುದು ಅವನಿಗೆ ‘ಕಾಳು ತೊಯ್ಲಿ ಬಿಡು’ ಅಂದ ಹಾಗೆ ಕೇಳಿಸುತ್ತದೆ ಎಂದು ಆಮೇಲೆ ಗೊತ್ತಾಯಿತು. ಅದಕ್ಕೇ ಈಗ ಮಾತು ಬದಲಿಸಿದ್ದೇನೆ. ಮೂರಕ್ಕೆ ಫೋನ್ ಮಾಡುವುದಿಲ್ಲ, ಊಟದ ಬ್ರೇಕಿನಲ್ಲಿ ಮಾಡುತ್ತೇನೆ. “ಅಪ್ಪಾ, ಇವತ್ತು ಎರಡರೊಳಗ ರಾಶಿ ಮಾಡಿ ಮುಚ್ಚಿಬಿಡು, ಎತ್ತು ಕೊಟ್ಟಿಗ್ಯಾಗ ಕಟ್ಟು.”

ನಿನ್ನೆ ಒಂದೂವರೆಗೆ ಅವನದೇ ಫೋನು ಬಂತು.

“ಮೂಡಣಕ್ಕ ಒಡ್ಡು ಕಟ್ಟೈತಿ, ಧಗಿ ಭಾಳ ಐತಿ. ಕಾಳು ಮುಚ್ಚೀನಿ. ನಿನ್ನ ನಕ್ಷಾದಾಗ ಏನ ತೋರಸ್ತೈತಿ ನೋಡು.”

ನೋಡಿದೆ. ನಕ್ಷೆಯಲ್ಲಿ ಇನ್ನೂ ಏನೂ ಇರಲಿಲ್ಲ.

“ನೀ ಹೇಳಿದ್ದ ಖರೆ,” ಅಂದೆ, “ಮನಿಗೆ ನಡಿ.”