ಮಾತಂಗ ಪರ್ವತದ ಪಾಠ

ಚೈತ್ರಮಾಸದಲ್ಲಿ ಹಂಪೆಯ ವಿರೂಪಾಕ್ಷನ ರಥೋತ್ಸವಕ್ಕೆ ಹೊಸಪೇಟೆ, ಸಂಡೂರು, ಕಂಪ್ಲಿಗಳ ಕಡೆಯಿಂದ ಜನಸ್ತೋಮವು ಹರಿದುಬರುವುದು ವಾಡಿಕೆ. ಬಂದವರು ಹೊಳೆಯಲ್ಲಿ ಮಿಂದು, ದೇವರ ದರ್ಶನಮಾಡಿ, ತೇರನ್ನು ಕಂಡು ಹಿಂದಿರುಗುತ್ತಾರೆ. ಆದರೆ ರಥಬೀದಿಯ ಮೂಡಲ ತುದಿಯ ಎದುರು ಬಸವಣ್ಣನನ್ನು ದಾಟಿ ಮಾತಂಗ ಪರ್ವತವನ್ನು ಏರುವವರು ಎಷ್ಟು ಮಂದಿ? ನಮ್ಮ ಶಾಲೆಗಳ ಪ್ರವಾಸವಾದರೂ ಬಹುಮಟ್ಟಿಗೆ ಕಲ್ಲಿನ ರಥದ ಮುಂದೆಯೇ ಮುಗಿದುಹೋಗುತ್ತದೆ. ಇದು ವಿಷಾದಕರವಾದ ಸಂಗತಿ.

ಬೆಟ್ಟವು ದುರ್ಗಮವಾದುದಲ್ಲ. ಬಂಡೆಗಳ ನಡುವೆ ಹಳೆಯ ಕಲ್ಲಿನ ಮೆಟ್ಟಿಲುಗಳಿವೆ. ಈ ಸೀಮೆಯ ಬಿಸಿಲು ಚೈತ್ರದಲ್ಲಿಯೇ ಬಂಡೆಯನ್ನು ಕಾಯಿಸುವುದರಿಂದ ಬೆಳಕು ಹರಿಯುತ್ತಲೇ ಹೊರಟು, ಕುಡಿಯುವ ನೀರನ್ನು ಜೊತೆಗೊಯ್ದು, ಹೊತ್ತೇರುವ ಮುನ್ನ ಇಳಿದುಬರಬೇಕು. ಶಿಖರದಲ್ಲಿ ವೀರಭದ್ರನ ಗುಡಿಯಿದೆ. ಅಲ್ಲಿ ನಿಂತರೆ ಪಡುವಲಿಗೆ ವಿರೂಪಾಕ್ಷನ ಗೋಪುರ. ಬೆಟ್ಟದ ಬುಡದಲ್ಲಿ 1534ರ ಅಚ್ಯುತರಾಯನ ದೇವಾಲಯ. ವಿಜಯನಗರದ ಅರಸರ ಕಾಲದ ತುರ್ತು ಕಾಲುವೆಯ ನೀರುಂಡು ಇಂದಿಗೂ ಹಸುರಾಗಿರುವ ಬಾಳೆಯ ತೋಟಗಳು. ಬಂಡೆಗಳ ನಡುವೆ ತುಂಗಭದ್ರೆ. ಹೊಳೆಯಾಚೆ ಆನೆಗೊಂದಿ, ಅಂಜನಾದ್ರಿಗಳು. ತೆಂಕಲಿಗೆ ಹೊಸಪೇಟೆಯ ದಿಕ್ಕಿನಲ್ಲಿ ಗುಡ್ಡಗಳ ಸಾಲು, ಅದರ ಹಿಂದೆ ಸಂಡೂರು. ಈಶಾನ್ಯಕ್ಕೆ ಹೊಳೆಯು ಕಂಪ್ಲಿಯತ್ತ ಸಾಗುವ ಬಯಲು.

ಒಂದೇ ನೋಟಕ್ಕೆ ದೊರೆಯುವ ಈ ನೆಲವು 1948ಕ್ಕೆ ಮುನ್ನ ಮೂರು ಆಳಿಕೆಗಳಲ್ಲಿ ಹರಿದು ಹಂಚಿಹೋಗಿತ್ತು. ಹಂಪೆ, ಹೊಸಪೇಟೆ, ಕಂಪ್ಲಿಗಳು ಮದರಾಸು ಪ್ರಾಂತದಲ್ಲಿದ್ದವು. ಎದುರು ದಡದ ಆನೆಗೊಂದಿಯು ನಿಜಾಮನ ರಾಜ್ಯಕ್ಕೆ ಸೇರಿತ್ತು. ಸಂಡೂರು ಘೋರ್ಪಡೆ ಮನೆತನದ ಸಂಸ್ಥಾನವಾಗಿತ್ತು. ಹರಿಗೋಲಿನಲ್ಲಿ ಹೊಳೆ ದಾಟಿದ ಕನ್ನಡಿಗನು ಬೇರೊಂದು ರಾಜ್ಯವನ್ನೇ ಹೊಕ್ಕಂತಾಗುತ್ತಿತ್ತು. ಸಂಡೂರು 1949ರಲ್ಲಿ ಮದರಾಸಿನಲ್ಲಿ ವಿಲೀನವಾಯಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಬಹುಭಾಗವು ಮೈಸೂರನ್ನು ಸೇರಿತು. ಆದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. 1956ರ ನವೆಂಬರ್ 1ರಂದು ಹೊಳೆಯ ಎರಡು ದಡಗಳೂ ಒಂದೇ ರಾಜ್ಯದಲ್ಲಿ ಕೂಡಿದವು. ಅಂದೇ ಕಾಸರಗೋಡು ಕೇರಳದ ಪಾಲಾಯಿತು.

ಅಳಿಸಿಹೋದ ಗೆರೆಗಳ ಚರ್ಚೆ ಈಗೇಕೆಂದು ಕೆಲವರು ಕೇಳಬಹುದು. ಗೆರೆಗಳು ತಾವಾಗಿ ಅಳಿಸಿಹೋಗಲಿಲ್ಲ. ಜನರು ದುಡಿದು ಅಳಿಸಿದರು. ಎಲ್ಲ ಗೆರೆಗಳೂ ಅಳಿಸಿಹೋಗಲೂ ಇಲ್ಲ. ಇದನ್ನು ಅರಿಯದ ಮಕ್ಕಳಿಗೆ ಏಕೀಕರಣವು ಒಂದು ರಜೆಯ ದಿನವಾಗಿ ಮಾತ್ರ ಉಳಿಯುವುದು. 2021ರಲ್ಲಿ ವಿಜಯನಗರ ಜಿಲ್ಲೆಯು ರಚಿತವಾದುದರಿಂದ ಈ ನೋಟವು ವಿಜಯನಗರ, ಬಳ್ಳಾರಿ, ಕೊಪ್ಪಳವೆಂಬ ಮೂರು ಜಿಲ್ಲೆಗಳಲ್ಲಿ ಮತ್ತೆ ಹಂಚಿದೆ. ಜಿಲ್ಲೆಯ ಗೆರೆಯು ಆಡಳಿತದ ಅನುಕೂಲಕ್ಕಾಗಿ ಇರತಕ್ಕದ್ದು, ಮನಸ್ಸುಗಳನ್ನು ಬೇರ್ಪಡಿಸುವುದಕ್ಕಲ್ಲವೆಂಬುದನ್ನೂ ಇಲ್ಲಿಯೇ ಕಲಿಸಬಹುದು.

ಆದುದರಿಂದ ನಮ್ಮ ಉಪಾಧ್ಯಾಯ ಬಂಧುಗಳಲ್ಲಿ ಒಂದು ವಿಜ್ಞಾಪನೆ. ಈ ವಸಂತದಲ್ಲಿ ಒಂದು ಮುಂಜಾವು ಮಕ್ಕಳನ್ನು ಮಾತಂಗಕ್ಕೆ ಕರೆದೊಯ್ಯಿರಿ. ಸಾಧ್ಯವಾದರೆ ಹೊಸಪೇಟೆಯ ಶಾಲೆಯವರೂ ಗಂಗಾವತಿಯ ಶಾಲೆಯವರೂ ಕೂಡಿ ಏರಲಿ. ಹಿಂದೆ ಮದರಾಸು ಎಲ್ಲಿತ್ತು, ನಿಜಾಮನ ಸೀಮೆ ಎಲ್ಲಿ ಮೊದಲಾಗುತ್ತಿತ್ತು, ಸಂಡೂರು ಎತ್ತ ಇತ್ತು ಎಂಬುದನ್ನು ಕೈದೋರಿ ತಿಳಿಸಿರಿ. ಬಳಿಕ ಆ ಗಡಿಗಳನ್ನು ಈ ನೆಲದ ಮೇಲೆ ಹುಡುಕಿರೆಂದು ಹೇಳಿರಿ. ಮಕ್ಕಳು ಹುಡುಕಲಿ; ಅವರಿಗೆ ಹೊಳೆ, ಬಂಡೆ, ಪೈರುಗಳೇ ಕಾಣುವವು.