ಹೊಸ ಗಣಕಕ್ಕೆ ಹಳೆಯ ಹೊಂದಾಣಿಕೆಯ ಹೊರೆ

ಗಣಕಯಂತ್ರ ನಿಧಾನವಾಯಿತೆಂದರೆ ವರ್ತಕರು ಮೊದಲು ಪ್ರೊಸೆಸರನ್ನು ದೂರುತ್ತಾರೆ. ಬಳಿಕ ಹೊಸ ಯಂತ್ರಕ್ಕೆ ಹಣ ಹೊಂದಿಸುತ್ತಾರೆ. ಆದರೆ ದೋಷವು ಯಂತ್ರದಲ್ಲಿರದೆ ಅದನ್ನು ಆರಂಭಿಸುವ ಕ್ರಮದಲ್ಲಿ ಅಡಗಿರುವುದೂ ಉಂಟು. ಯಂತ್ರದ ಫರ್ಮ್‌ವೇರ್ ಒಂದು ಕಾಲದ್ದು, ಅದರ ಮೇಲೆ ನಡೆಸುವ ಕಾರ್ಯಾಚರಣ ವ್ಯವಸ್ಥೆ ಇನ್ನೊಂದು ಕಾಲದ್ದು ಆದಾಗ ನಡುವೆ ನಿಲ್ಲುವ ಹೊಂದಾಣಿಕೆ ಪದರವೇ ಇದಕ್ಕೆ ಕಾರಣವಾಗಬಲ್ಲದು.

ಇದಕ್ಕೆ ಆಪಲ್ ಸಂಸ್ಥೆಯ ಮ್ಯಾಕ್ ಯಂತ್ರಗಳೇ ಉತ್ತಮ ನಿದರ್ಶನ. 2006ರ ಜನವರಿಯಲ್ಲಿ ಬಂದ ಇಂಟೆಲ್ ಪ್ರೊಸೆಸರಿನ ಮ್ಯಾಕ್‌ಗಳಲ್ಲಿ ಹಳೆಯ ಬಯಾಸ್ ಇರಲಿಲ್ಲ. ಅದರ ಸ್ಥಾನದಲ್ಲಿ ಇಎಫ್‌ಐ ಇತ್ತು. ಆಗಿನ ವಿಂಡೋಸ್ ಎಕ್ಸ್‌ಪಿಗೆ ಬಯಾಸ್ ಇಲ್ಲದೆ ಆರಂಭವಾಗಲು ತಿಳಿದಿರಲಿಲ್ಲ. ಅದೇ ವರ್ಷದ ಏಪ್ರಿಲ್‌ನಲ್ಲಿ ಆಪಲ್ 'ಬೂಟ್ ಕ್ಯಾಂಪ್' ಬಿಡುಗಡೆ ಮಾಡಿತು. ಅದರೊಂದಿಗೆ ಫರ್ಮ್‌ವೇರ್‌ಗೆ ಸೇರಿದ ಹೊಂದಾಣಿಕೆ ಪದರವು ಬಯಾಸ್‌ನಂತೆ ವರ್ತಿಸಿ ವಿಂಡೋಸ್ ನಡೆಯುವಂತೆ ಮಾಡಿತು.

ಈ ಪದರವನ್ನು ದುಭಾಷಿಗೆ ಹೋಲಿಸಬಹುದು. ವಿಂಡೋಸ್ ಏಳುವವರೆಗೆ ಮಾತ್ರ ಅದರ ಕೆಲಸ. ಅನಂತರ ವಿಂಡೋಸ್ ತನ್ನದೇ ಡ್ರೈವರ್‌ಗಳ ಮೂಲಕ ಯಂತ್ರದೊಡನೆ ನೇರವಾಗಿ ವ್ಯವಹರಿಸುತ್ತದೆ. ಆದ್ದರಿಂದ ಲೆಕ್ಕಾಚಾರದ ವೇಗ ಕುಗ್ಗುವುದಿಲ್ಲ. ಆದರೆ ದುಭಾಷಿ ಮಾಡಿಟ್ಟುಹೋದ ಏರ್ಪಾಡು ಹಾಗೆಯೇ ಉಳಿಯುತ್ತದೆ. ಅನೇಕ ಮ್ಯಾಕ್‌ಗಳಲ್ಲಿ ಡಿಸ್ಕ್ ನಿಯಂತ್ರಕವು ಹಳೆಯ ಐಡಿಇ ಕ್ರಮದಲ್ಲಿಯೇ ವಿಂಡೋಸ್‌ನ ಕೈ ಸೇರುತ್ತಿತ್ತು. ಎಎಚ್‌ಸಿಐ ಕ್ರಮದಲ್ಲಾದರೆ ಡಿಸ್ಕ್ 32 ಕೋರಿಕೆಗಳವರೆಗೆ ಸಾಲಿನಲ್ಲಿಟ್ಟುಕೊಂಡು ಅನುಕೂಲವಾದ ಅನುಕ್ರಮದಲ್ಲಿ ಪೂರೈಸಬಲ್ಲದು. ಐಡಿಇ ಕ್ರಮದಲ್ಲಿ ಒಂದಾದ ಮೇಲೆ ಒಂದು. ಎರಡು ಗ್ರಾಫಿಕ್ಸ್ ಘಟಕಗಳುಳ್ಳ ಮ್ಯಾಕ್‌ಬುಕ್ ಪ್ರೊಗಳಲ್ಲಿ ಮಿತವ್ಯಯದ ಘಟಕ ವಿಂಡೋಸ್‌ಗೆ ಕಾಣದೆ, ಹೆಚ್ಚು ವಿದ್ಯುತ್ ಬಳಸುವ ಘಟಕವೇ ಸದಾ ದುಡಿದು ಬ್ಯಾಟರಿ ಬೇಗ ಬರಿದಾಗುತ್ತಿತ್ತು.

ಇದು ಮ್ಯಾಕ್‌ಗಷ್ಟೇ ಸೀಮಿತವಲ್ಲ. ಸಾಮಾನ್ಯ ಪಿಸಿಗಳಲ್ಲಿಯೂ ಯುಇಎಫ್‌ಐ ಜೊತೆಗೆ ಸಿಎಸ್‌ಎಂ ಎಂಬ ಇಂಥದೇ ಪದರ ಬಂದಿತು. ಹಳೆಯ ವಿಂಡೋಸ್ ಹಾಕಲೆಂದು ಸಿಎಸ್‌ಎಂ ಚಾಲನೆಗೊಳಿಸಿ, ಡಿಸ್ಕನ್ನೂ ಐಡಿಇ ಕ್ರಮಕ್ಕೆ ಇಳಿಸುವ ರೂಢಿ ವ್ಯಾಪಕವಾಗಿತ್ತು. ಮುಂದೆ ವಿಂಡೋಸ್ ಬದಲಾದರೂ ಆ ಏರ್ಪಾಡು ಬದಲಾಗದೆ ಉಳಿದ ಯಂತ್ರಗಳುಂಟು. ಹಲವು ಮಂದಿ ಒಂದೇ ಕಾಲಕ್ಕೆ ಬಿಲ್ ಹಾಗೂ ದಾಸ್ತಾನಿನ ಕಡತ ತೆರೆಯುವ ಕಚೇರಿಯ ಮುಖ್ಯ ಗಣಕದಲ್ಲಿ ಇದರ ಪರಿಣಾಮ ಎದ್ದು ಕಾಣುತ್ತದೆ. ಇದಲ್ಲದೆ, ಬಯಾಸ್ ಕ್ರಮದಲ್ಲಿ ವಿಂಡೋಸ್ ಆರಂಭವಾಗುವ ಡಿಸ್ಕ್ ಸಾಮಾನ್ಯವಾಗಿ 2 ಟೆರಾಬೈಟ್‌ಗೆ ಸೀಮಿತ. 4 ಟೆರಾಬೈಟ್ ಡಿಸ್ಕ್ ಕೊಂಡರೂ ಅರ್ಧ ವ್ಯರ್ಥ.

ಹಳೆಯ ವ್ಯವಸ್ಥೆಯನ್ನು ಉಳಿಸಿಕೊಳ್ಳಲು ಸಕಾರಣವಿರುವವರೂ ಇದ್ದಾರೆ. ಕಾರ್ಖಾನೆಯ ಯಂತ್ರವನ್ನು ನಿಯಂತ್ರಿಸುವ ತಂತ್ರಾಂಶ ವಿಂಡೋಸ್ ಎಕ್ಸ್‌ಪಿಯಲ್ಲಿ ಮಾತ್ರ ನಡೆಯುವುದಾದರೆ ಸಣ್ಣ ಉದ್ಯಮಿಗೆ ಅನ್ಯಮಾರ್ಗವಿಲ್ಲ. ಅಂಥಲ್ಲಿ ಆ ಗಣಕವನ್ನು ಅಂತರಜಾಲದಿಂದ ದೂರವಿಟ್ಟು ಆ ಒಂದೇ ಕೆಲಸಕ್ಕೆ ಮೀಸಲಿಡುವುದು ವಿವೇಕ. ಅದೇ ಏರ್ಪಾಡನ್ನು ಕಚೇರಿಯ ಗಣಕಗಳಿಗೂ ಅಂಟಿಸಿಕೊಂಡಿರುವುದು ಮಾತ್ರ ಸಮರ್ಥನೀಯವಲ್ಲ.

ಏಕೆಂದರೆ ಈ ಪದರದ ಕಾಲ ಮುಗಿಯುತ್ತಿದೆ. 2020ರ ವೇಳೆಗೆ ಇದನ್ನು ಕೈಬಿಡುವ ಉದ್ದೇಶವನ್ನು ಇಂಟೆಲ್ 2017ರಲ್ಲಿಯೇ ಪ್ರಕಟಿಸಿತ್ತು. 2021ರಲ್ಲಿ ಬಂದ ವಿಂಡೋಸ್ 11ಕ್ಕೆ ಯುಇಎಫ್‌ಐ ಕಡ್ಡಾಯ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿದೆ.

ಹೊಸ ಯಂತ್ರಕ್ಕೆ ಹಣ ಹೂಡುವ ಮುನ್ನ ಇರುವ ಯಂತ್ರವನ್ನು ಪರೀಕ್ಷಿಸುವುದು ಲೇಸು. ವಿಂಡೋಸ್‌ನ 'ಸಿಸ್ಟಂ ಇನ್ಫರ್ಮೇಶನ್' ತೆರೆದರೆ 'ಬಯಾಸ್ ಮೋಡ್' ಎಂಬ ಸಾಲಿನಲ್ಲಿ 'ಲೆಗಸಿ' ಅಥವಾ 'ಯುಇಎಫ್‌ಐ' ಎಂದು ಕಾಣುತ್ತದೆ. ಲೆಗಸಿ ಎಂದಿದ್ದರೆ ಮೊದಲು ಲೆಕ್ಕಪತ್ರಗಳ ಪ್ರತಿಯನ್ನು ಬೇರೆಡೆ ತೆಗೆದಿರಿಸಿ, ಬಳಿಕ ಬಲ್ಲವರಿಂದ ಪರಿವರ್ತನೆ ಮಾಡಿಸಬೇಕು. ಸಿದ್ಧತೆಯಿಲ್ಲದೆ ಡಿಸ್ಕಿನ ಕ್ರಮ ಬದಲಿಸಿದರೆ ವಿಂಡೋಸ್ ಏಳದೇ ಹೋಗಬಹುದು. ತಾತ್ಕಾಲಿಕ ಏರ್ಪಾಡಿಗೆ ಆರಂಭದಲ್ಲಿಯೇ ಅವಧಿ ಗೊತ್ತುಮಾಡದಿದ್ದರೆ ಅದೇ ಶಾಶ್ವತ ಖರ್ಚಾಗುತ್ತದೆ ಎಂಬುದನ್ನು ವ್ಯಾಪಾರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.