ಬೀದರ್ ಬಿಸಿಲಿಗೆ ಸನ್‌ರೂಫ್ ಬೇಕೇನ್ರಿ?

ಕಾರು ಬುಕ್ ಮಾಡುವಾಗ ಅಪ್ಪ ಅಂದದ್ದು ಒಂದೇ ಮಾತು: "ಮಾಳಿಗಿ ಸೋರಿದ್ರ ಮಂದಿ ರೊಕ್ಕಾ ಕೊಟ್ಟು ತೂತು ಮುಚ್ಚಸ್ತಾರ. ನೀ ರೊಕ್ಕಾ ಕೊಟ್ಟು ತೂತು ಮಾಡ್ಸಲತ್ತಿಯಲ್ಲೋ?"

ನಾನು ನಕ್ಕು ಸನ್‌ರೂಫ್ ಇರೋ ವೇರಿಯಂಟನ್ನೇ ತಗೊಂಡೆ. ಗಾಜಿನದಾದರೆ ಅದರ ಸರಿಯಾದ ಹೆಸರು ಮೂನ್‌ರೂಫ್ ಅಂತೆ. ಆದ್ರೆ ಭಾಲ್ಕಿಯಿಂದ ಬೆಂಗಳೂರಿನವರೆಗೆ ಎಲ್ಲರ ಬಾಯಲ್ಲೂ ಸನ್‌ರೂಫೇ. (ಬೀದರ್‌ನ ಮೊದಲ ಸನ್‌ರೂಫ್ ಅಷ್ಟೂರಿನಲ್ಲಿದೆ ಅಂತ ಗೆಳೆಯನ ಜೋಕು. ಹುಮಾಯೂನ್ ಶಾಹನ ಗೋರಿಯ ಗುಮ್ಮಟ ಸಿಡಿಲು ಬಡಿದು ಅರ್ಧ ಕಳಚಿದೆಯಲ್ಲ, ಅದು.)

ಎರಡು ವರ್ಷದ ಲೆಕ್ಕ ಹೇಳ್ತೀನಿ. ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತೆ. ಒಳಗಿನ ಪರದೆ ಎಳೆದರೂ ಕಾದ ಗಾಜು ನೆತ್ತಿ ಮೇಲೆ ಹಂಚು ಇಟ್ಟಂಗೆ. ಮಳೆಗಾಲದಲ್ಲಿ ತೆಗೆಯೋ ಹಾಗಿಲ್ಲ. ಉಳಿದದ್ದು ಚಳಿಗಾಲದ ಬೆಳಿಗ್ಗೆ, ಸಂಜೆ. ಒಂದು ಉಪಯೋಗ ಮಾತ್ರ ಖರೆ: ಬಿಸಿಲಲ್ಲಿ ನಿಂತ ಕಾರಿನಲ್ಲಿ ಗಾಜಿನ ಹಿಂದಿನ ಅಂಚು ಎತ್ತಿದರೆ ಬಿಸಿಗಾಳಿ ಮೇಲಿಂದ ಬೇಗ ಹೋಗುತ್ತೆ.

ಅಸಲಿ ತೊಂದರೆ ಧೂಳು. ಮೊದಲ ಮಳೆಯಲ್ಲಿ ಭಾಲ್ಕಿಯಿಂದ ಬರುವಾಗ ಒಳಗಿನ ಲೈಟಿನ ಹತ್ತಿರದಿಂದ ಅಮ್ಮನ ಸೀರೆ ಮೇಲೆ ನೀರು ತಟತಟ. ಅಪ್ಪ ಮನೆ ಮುಟ್ಟುವ ತನಕ ಏನೂ ಅನ್ನಲಿಲ್ಲ, ಅದೇ ಹೆಚ್ಚು ಉರಿಯಿತು. ಸರ್ವಿಸ್‌ನವರು ರಬ್ಬರೇ ಬದಲಿಸಬೇಕು ಅಂದ್ರು. ಪರಿಚಯದ ಮೆಕ್ಯಾನಿಕ್ ಗಾಜು ಸರಿಸಿ, ಒಂದು ಲೋಟ ನೀರು ಸುರಿದು ತೋರಿಸಿದ. ಸನ್‌ರೂಫ್ ನೀರನ್ನು ಪೂರ್ತಿ ತಡೆಯೋದೇ ಇಲ್ಲವಂತೆ. ರಬ್ಬರ್ ದಾಟಿದ ನೀರು ಸುತ್ತಲಿನ ಕಾಲುವೆಗೆ ಬಿದ್ದು, ಮೂಲೆಗಳ ಸಣ್ಣ ಪೈಪುಗಳಲ್ಲಿ ಕಂಬದೊಳಗೆ ಇಳಿದು ಕೆಳಗೆ ಹೋಗಬೇಕು. ಬೀದರ್‌ನ ಕೆಂಪು ಧೂಳು ಆ ಪೈಪಿನ ಬಾಯಲ್ಲಿ ಕೆಸರಾಗಿ ಕೂತಿತ್ತು. ಈಗ ತಿಂಗಳಿಗೊಮ್ಮೆ ಒದ್ದೆ ಬಟ್ಟೆಯಿಂದ ನಾನೇ ಒರೆಸ್ತೀನಿ. ಮಳೆಗೆ ಮುಂಚೆ ಸ್ವಲ್ಪ ನೀರು ಬಿಟ್ಟು ಕೆಳಗೆ ಇಳೀತದಾ ನೋಡ್ತೀನಿ. ಜೋರು ಗಾಳಿ ಹೊಡೆಸಬೇಡಿ, ಒಳಗೆ ಪೈಪ್ ಕಳಚಿದರೆ ಚಾವಣಿಯನ್ನೇ ಬಿಚ್ಚಬೇಕಾಗುತ್ತೆ.

ಇನ್ನು ಮಕ್ಕಳು. ಔರಾದ್ ದಾರಿಯಲ್ಲಿ ಅಕ್ಕನ ಮಗ "ಮಾಮಾ, ಒಂದೇ ನಿಮಿಷ" ಅಂತ ಎದ್ದು ನಿಂತ. ನಾನೂ ಬಿಟ್ಟೆ, ವಿಡಿಯೊ ಬೇರೆ ಮಾಡಿಸಿದೆ. ಬೇವಿನ ಟೊಂಗೆಯೊಂದು ಅವನ ಕಿವಿ ಸವರಿ ಹೋಯ್ತು. ಬ್ರೇಕ್ ಹಾಕಿದ್ದರೂ ಅವನು ಹೊರಗೇ ಬೀಳ್ತಿದ್ದ, ಬೆಲ್ಟ್ ಎಲ್ಲಿತ್ತು? 2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹೀಗೇ ನಿಂತಿದ್ದ ಹುಡುಗನ ತಲೆ, ಎತ್ತರದ ಗಾಡಿಗಳನ್ನು ತಡೆಯಲು ಹಾಕಿದ ಕಬ್ಬಿಣದ ಅಡ್ಡಪಟ್ಟಿಗೆ ಬಡಿದ ವಿಡಿಯೊ ನೀವೂ ನೋಡಿರ್ತೀರಿ. ನನ್ನ ವಿಡಿಯೊ ಅಂದೇ ಅಳಿಸಿದೆ. ಅಕ್ಕನಿಗೆ ಇನ್ನೂ ಹೇಳಿಲ್ಲ.

ಅದೇ ದುಡ್ಡಿಗೆ ಹಿಂದಿನ ಸೀಟಿಗೂ ಎಸಿ ಗಾಳಿ ಬರೋ ವೇರಿಯಂಟ್ ಸಿಕ್ಕರೆ ನಮ್ಮ ಕಡೆಯವರು ಅದನ್ನೇ ತಗೊಳ್ಳಿ. ಆದ್ರೂ ಹೋದ ಡಿಸೆಂಬರ್‌ನಲ್ಲಿ ಔರಾದ್‌ನಿಂದ ರಾತ್ರಿ ವಾಪಸ್ ಬರುವಾಗ ಪರದೆಯಷ್ಟೇ ಸರಿಸಿದ್ದೆ. ಹುಣ್ಣಿಮೆ. ಹಿಂದಿನ ಸೀಟಿನಿಂದ ಅಪ್ಪನ ದನಿ: "ಇನ್ನೊಂಚೂರ ಸರಸು."